ಮತ್ಸ್ಯಕನ್ಯೆ: ಐತಿಹ್ಯ ಮತ್ತು ಪ್ರತ್ಯಕ್ಷಸಾಕ್ಷ್ಯ

ಸೊಂಟದಿಂದ ಮೇಲೆ ಸ್ತ್ರೀಶರೀರ, ಕೆಳಗೆ ಮೀನಿನ ಬಾಲ ಎಂಬ ಮತ್ಸ್ಯಕನ್ಯೆಯ ಕಲ್ಪನೆಗೆ ಸಾಮಾನ್ಯವಾಗಿ ಒಂದು ವಿವರಣೆಯನ್ನು ಕೊಡಲಾಗುತ್ತದೆ. ಕಡಲಹಸುವನ್ನೋ ಅದರ ಬಳಗದ ಮ್ಯಾನಟಿಯನ್ನೋ ದೂರದಿಂದ ಕಂಡ ನಾವಿಕರು ಹೆಣ್ಣೆಂದು ಭ್ರಮಿಸಿದರು. ಆ ಭ್ರಮೆಯೇ ಐತಿಹ್ಯವಾಯಿತು ಎಂಬುದು ಅದರ ಸಾರ. ಪಠ್ಯಗಳ ಕಾಲಾನುಕ್ರಮವನ್ನು ಪರಿಶೀಲಿಸಿದರೆ ಈ ವಿವರಣೆ ಕಾರ್ಯಕಾರಣಗಳನ್ನು ಅದಲುಬದಲು ಮಾಡಿದೆಯೆಂದು ತೋರುತ್ತದೆ.

ಈ ರೂಪದ ಪ್ರಾಚೀನ ಉಲ್ಲೇಖಗಳಲ್ಲೊಂದು ದೊರೆಯುವುದು ನಾವಿಕರ ವರದಿಯಲ್ಲಲ್ಲ, ದೇವತೆಯೊಬ್ಬಳ ವರ್ಣನೆಯಲ್ಲಿ. ಕ್ರಿ.ಪೂ. 1ನೆಯ ಶತಮಾನದ ಡಯೋಡೋರಸನು ಅಸ್ಕಲಾನಿನ ದೇವತೆ ಡರ್ಕೆಟೊಳಿಗೆ ಸ್ತ್ರೀಮುಖವೂ ಮೀನಿನ ಮೈಯೂ ಇದ್ದುದಾಗಿ ಬರೆದಿದ್ದಾನೆ. ಗ್ರೀಕರ ಸೈರನ್ನರದು ಬೇರೆಯೇ ಪರಂಪರೆ. ಹೋಮರನ 'ಒಡಿಸ್ಸಿ'ಯಲ್ಲಿ ಅವರ ಹಾಡಿನ ಮೋಹಕತೆಯಿದೆ, ದೇಹದ ವರ್ಣನೆಯಿಲ್ಲ. ಗ್ರೀಕ್ ಕುಂಭಚಿತ್ರಗಳಲ್ಲಿ ಅವರು ಹಕ್ಕಿಯ ಮೈಯವರು. ಅವರಿಗೆ ಮೀನಿನ ಬಾಲ ಸ್ಪಷ್ಟವಾಗಿ ಕಾಣುವುದು ಸುಮಾರು 7-8ನೆಯ ಶತಮಾನದ ಲ್ಯಾಟಿನ್ ಕೃತಿ 'ಲೀಬೆರ್ ಮಾನ್‌ಸ್ಟ್ರೋರಮ್'ನಲ್ಲಿ. ಮುಂದಿನ ಮಧ್ಯಯುಗೀನ ಪ್ರಾಣಿಕೋಶಗಳಲ್ಲಿ ಎರಡು ರೂಪಗಳೂ ಬೆರೆತಿವೆ; ಪಠ್ಯವು ಹಕ್ಕಿಯೆಂದರೂ ಚಿತ್ರಕಾರನು ಮೀನಿನ ಬಾಲ ಬರೆದಿರುವ ನಿದರ್ಶನಗಳುಂಟು. ಕಣ್ಣಾರೆ ಕಂಡ ಪ್ರಾಣಿಯೊಂದು ಹೀಗೆ ರೆಕ್ಕೆ ಕಳಚಿ ಬಾಲ ತೊಡಲಾರದು. ಇದು ಗ್ರಂಥಗಳೊಳಗೆ ನಡೆದ ರೂಪಾಂತರ.

ಈ ಹಿನ್ನೆಲೆಯಲ್ಲಿ ಕೊಲಂಬಸನ ಸಾಕ್ಷ್ಯವನ್ನು ನೋಡಬೇಕು. ಲಾಸ್ ಕಸಾಸ್ ಸಂಗ್ರಹಿಸಿ ಉಳಿಸಿದ ಅವನ ದಿನಚರಿಯಲ್ಲಿ, 1493ರ ಜನವರಿ 9ರ ನಮೂದಿನಂತೆ, ಅವನು ಹಿಂದಿನ ದಿನ ಮೂವರು ಸೈರನ್ನರನ್ನು ಕಂಡಿದ್ದನು. ಚಿತ್ರಗಳಲ್ಲಿರುವಷ್ಟು ಚೆಲುವು ಅವರಿಗಿಲ್ಲವೆಂಬುದು ಅವನ ದೂರು. ಅವು ಮ್ಯಾನಟಿಗಳೆಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಗಮನಾರ್ಹವಾದುದು ಆ ಹೋಲಿಕೆ. ಚಿತ್ರವು ಅವನ ಮನಸ್ಸಿನಲ್ಲಿ ಮೊದಲೇ ಇತ್ತು. ಪ್ರಾಣಿಯನ್ನು ಅವನು ಅಳೆದದ್ದು ಅದರಿಂದ.

ನಮ್ಮ ಮತ್ಸ್ಯಾವತಾರದ ಶಿಲ್ಪಗಳಲ್ಲಿಯೂ ಮೇಲರ್ಧ ವಿಷ್ಣು, ಕೆಳಗಿನರ್ಧ ಮೀನು. ಆ ರೂಪಕ್ಕೆ ಮೂಲವಾದ ಜಲಚರ ಯಾವುದೆಂದು ಯಾರೂ ಹುಡುಕುವುದಿಲ್ಲ. ಅದನ್ನು ಅರ್ಥವಾಹಕ ಪ್ರತಿಮೆಯಾಗಿಯೇ ಗ್ರಹಿಸುತ್ತೇವೆ. ಮತ್ಸ್ಯಕನ್ಯೆಗೂ ಅದೇ ವಿಚಾರಪದ್ಧತಿ ಸಲ್ಲಬೇಕು.

ಮತ್ಸ್ಯಕನ್ಯೆ ಎಂದಾದರೂ ಇದ್ದಳೇ ಎಂಬ ಪ್ರಶ್ನೆಗೆ ಉತ್ತರ ನೇರವಾದುದು: ಅಸ್ಥಿಯಾಗಲಿ ಪಳೆಯುಳಿಕೆಯಾಗಲಿ ದೊರೆತಿಲ್ಲ. 1842ರಲ್ಲಿ ನ್ಯೂಯಾರ್ಕಿನಲ್ಲಿ ಬಾರ್ನಮ್ ಪ್ರದರ್ಶಿಸಿದ 'ಫೀಜೀ ಮತ್ಸ್ಯಕನ್ಯೆ' ಕೃತಕ ವಸ್ತು. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯೂ 2012ರಲ್ಲಿ ಇಂಥ ಜೀವಿಗೆ ಆಧಾರವಿಲ್ಲವೆಂದು ಪ್ರಕಟಿಸಿತು.

ಆದರೆ ಐತಿಹ್ಯ ತನ್ನ ಹೆಸರನ್ನು ವಿಜ್ಞಾನದಲ್ಲಿಯೂ ಉಳಿಸಿದೆ. 1811ರಲ್ಲಿ ಇಲ್ಲಿಗರನು ಕಡಲಹಸುಗಳ ಗಣಕ್ಕೆ 'ಸೈರೀನಿಯ' ಎಂದು ಹೆಸರಿಟ್ಟನು. ಈ ಗಣದ ಸ್ಟೆಲ್ಲರನ ಕಡಲಹಸು 1741ರಲ್ಲಿ ವಿಜ್ಞಾನದ ಗಮನಕ್ಕೆ ಬಂದು, ಬೇಟೆಯಿಂದಾಗಿ 1768ರ ಹೊತ್ತಿಗೆ ಅಳಿದುಹೋಯಿತು. ಪಾಕ್ ಕೊಲ್ಲಿಯಲ್ಲಿ ಉಳಿದಿರುವ ಕಡಲಹಸುಗಳಿಗಾಗಿ ತಮಿಳುನಾಡು ಸರ್ಕಾರ 2022ರಲ್ಲಿ 448 ಚದರ ಕಿಲೋಮೀಟರಿನ ಸಂರಕ್ಷಣಾ ವಲಯವನ್ನು ಘೋಷಿಸಿತು. ತಮಿಳಿನಲ್ಲಿ ಆ ಪ್ರಾಣಿಯ ಹೆಸರು 'ಕಡಲ್ ಪಸು'. ಕಡಲಹುಲ್ಲನ್ನು ಮೇಯುವ ಪ್ರಾಣಿಯನ್ನು ಈ ಹೆಸರು ಹಸುವೆಂದು ಗುರುತಿಸಿದೆ; ಕನ್ಯೆಯನ್ನು ಕಂಡವರು ಗ್ರಂಥಚಿತ್ರವನ್ನು ಮನಸ್ಸಿನಲ್ಲಿ ಹೊತ್ತು ಬಂದವರು. ಆದ್ದರಿಂದ ಇಂಥ ವರದಿಗಳನ್ನು ಕಡಲಿನ ಜೀವಿಗಳ ಇತಿಹಾಸಕ್ಕಿಂತ ನೋಡಿದವರ ಓದಿನ ಇತಿಹಾಸಕ್ಕೆ ಆಕರವೆಂದು ಪರಿಗಣಿಸುವುದು ಉಚಿತ.