ಸಂಡೂರು ಸೀಮೆಯ ಲಂಬಾಣಿಗರು: ಹೇರೆತ್ತಿನ ಬಾಳಿನಿಂದ ತಾಂಡಾಕ್ಕೆ

ಕಮಲಾಪುರದಿಂದ ಹಂಪೆಗೆ ಸಾಗುವ ಇತಿಹಾಸಾಸಕ್ತರ ದೃಷ್ಟಿಯು ಸಹಜವಾಗಿಯೇ ವಿಜಯನಗರದ ಕಲ್ಲುಗಳಲ್ಲಿ ನೆಲೆಸುತ್ತದೆ. ಅದೇ ಹಂಪೆಯಲ್ಲಿ ಕನ್ನಡಿಚೂರು, ಕವಡೆಗಳಿಂದ ಅಲಂಕರಿಸಿದ ಕಸೂತಿಯನ್ನು ಮಾರುವ ಲಂಬಾಣಿ ಸ್ತ್ರೀಯರೂ ಒಂದು ದೀರ್ಘ ಇತಿಹಾಸದ ವಾರಸುದಾರರೆಂಬುದನ್ನು ನಾವು ಮರೆಯುತ್ತೇವೆ. ಸಂಡೂರು, ಹೊಸಪೇಟೆ ಭಾಗದ ತಾಂಡಾಗಳಲ್ಲಿ ನೆಲೆಸಿರುವ ಈ ಜನರ ಪೂರ್ವಜೀವನವನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ಬಂಜಾರರೆಂದೂ ಕರೆಯಲ್ಪಡುವ ಲಂಬಾಣಿಗರು ಮೂಲತಃ ಸಾಗಣೆಯ ವ್ಯಾಪಾರಿಗಳು. ಗಾಡಿಯ ದಾರಿಯಿಲ್ಲದ ನಾಡಿನಲ್ಲಿ ಉಪ್ಪು, ಧಾನ್ಯಗಳನ್ನು ಎತ್ತುಗಳ ಬೆನ್ನಿನ ಮೇಲೆ ಹೇರಿಕೊಂಡು ಊರಿಂದೂರಿಗೆ ತಲುಪಿಸುತ್ತಿದ್ದವರು ಇವರೇ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಆಹಾರವಿಲ್ಲದೆ ಶ್ರೀರಂಗಪಟ್ಟಣದ ಬಳಿಯಿಂದ ಹಿಮ್ಮೆಟ್ಟಬೇಕಾಯಿತು. 1792ರ ಮುತ್ತಿಗೆಯ ವೇಳೆಗೆ ಅದಕ್ಕೆ ಧಾನ್ಯ ಒದಗಿಸಿದವರಲ್ಲಿ ಬಂಜಾರರು ಪ್ರಮುಖರಾಗಿದ್ದರು. ಇವರ ಅಲೆದಾಟವು ಗುರಿಯಿಲ್ಲದ್ದಾಗಿರಲಿಲ್ಲ. ತಾಂಡಾಕ್ಕೊಬ್ಬ ನಾಯಕನಿದ್ದು, ಅವನಿಗೆ ನೆರವಾಗಲು ಕಾರಭಾರಿಯಿರುತ್ತಿದ್ದನು. ವ್ಯಾಜ್ಯಗಳು ಹಿರಿಯರ ಮುಂದೆಯೇ ತೀರುತ್ತಿದ್ದವು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲುಮಾರ್ಗಗಳೂ ರಸ್ತೆಗಳೂ ಹಬ್ಬಿದಂತೆ ಹೇರೆತ್ತಿನ ವ್ಯಾಪಾರ ಕುಸಿಯಿತು. ಜೀವನೋಪಾಯ ತಪ್ಪಿದ ಮೇಲೆ, ಒಮ್ಮೆ ಸರ್ಕಾರಕ್ಕೆ ಬೇಕಾಗಿದ್ದ ಸಂಚಾರವೇ ಅದರ ಕಣ್ಣಿಗೆ ಅಪರಾಧವಾಗಿ ತೋರಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಹಲವೆಡೆ ಬಂಜಾರ ಪಂಗಡಗಳು ಕಳಂಕಕ್ಕೆ ಗುರಿಯಾದವು. ಬಳ್ಳಾರಿ ಜಿಲ್ಲೆಯೂ ಸೇರಿದ್ದ ಮದರಾಸು ಪ್ರಾಂತಕ್ಕೆ 1911ರಲ್ಲಿ ವ್ಯಾಪಿಸಿದ ಈ ಬಗೆಯ ಶಾಸನವು 1952ರಲ್ಲಿ ರದ್ದಾಯಿತು.

ಇಂತಹ ಅನ್ಯಾಯ ನಮ್ಮಲ್ಲಿ ಮಾತ್ರ ನಡೆದುದಲ್ಲ. ಕೆನಡಾದ ಪಶ್ಚಿಮ ಕರಾವಳಿಯ ಕ್ವಾಕಿಯೂಟ್ಲ್ ಜನರಲ್ಲಿ, ನೆರೆದ ಅತಿಥಿಗಳಿಗೆ ಸಂಪತ್ತನ್ನು ಹಂಚಿ ಮನೆತನದ ಗೌರವವನ್ನು ಸ್ಥಾಪಿಸುವ ‘ಪಾಟ್ಲಾಚ್’ ಎಂಬ ಉತ್ಸವವಿತ್ತು. ಅಲ್ಲಿನ ಸರ್ಕಾರವು ಅದನ್ನು ದುಂದುಗಾರಿಕೆಯೆಂದು ಬಗೆದು 1885ರಿಂದ 1951ರವರೆಗೆ ನಿಷೇಧಿಸಿತ್ತು. ಅಲ್ಲಿ ದಾನವು ಅಪರಾಧವಾಯಿತು, ಇಲ್ಲಿ ಸಂಚಾರವು ಅಪರಾಧವಾಯಿತು. ಎರಡೆಡೆಯೂ ಆಳುವವರು ತಮ್ಮ ಅಳತೆಗೋಲಿನಿಂದಲೇ ಅನ್ಯರ ಬಾಳನ್ನು ಅಳೆದರು.

ಲಂಬಾಣಿಗರ ಗೋರ್‌ಬೋಲಿ ಭಾಷೆಗೆ ಸ್ವಂತ ಲಿಪಿಯಿಲ್ಲ. ಆದುದರಿಂದ ಅವರ ನೆನಪು ಹಾಡಿನಲ್ಲಿಯೂ ಸೂಜಿಯಲ್ಲಿಯೂ ಉಳಿದಿದೆ. ಹಿಂದೆ ಎತ್ತುಗಳನ್ನೂ ಸಿಂಗರಿಸುತ್ತಿದ್ದ ಈ ಕಸೂತಿಗೆ 1988ರಲ್ಲಿ ಸ್ಥಾಪಿತವಾದ ಸಂಡೂರು ಕುಶಲ ಕಲಾ ಕೇಂದ್ರವು ಮಾರುಕಟ್ಟೆಯನ್ನು ಒದಗಿಸಿತು. 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2023ರಲ್ಲಿ ಹಂಪೆಯಲ್ಲಿ 1,755 ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯನ್ನು ಪಡೆಯಿತು. ಆದರೂ ತಾಂಡಾಗಳ ಅನೇಕ ಕುಟುಂಬಗಳು ಕಬ್ಬು ಕಡಿಯಲು ಗುಳೆ ಹೋಗುವುದು ತಪ್ಪಿಲ್ಲ. ಅಂದು ವ್ಯಾಪಾರಕ್ಕಾಗಿ ನಡೆದವರು ಇಂದು ಕೂಲಿಗಾಗಿ ನಡೆಯುತ್ತಿದ್ದಾರೆ.

ಸರ್ಕಾರಿ ಕಡತಗಳನ್ನಷ್ಟೇ ನಂಬಿದರೆ ನಾವೂ ಹಳೆಯ ಕಳಂಕವನ್ನೇ ಮರುಬರೆದಂತಾಗುತ್ತದೆ. ಶಾಸನಗಳ ಪಡಿಯಚ್ಚು ತೆಗೆಯಲು ಹೊರಡುವ ನಮ್ಮ ವಿದ್ಯಾರ್ಥಿಗಳು ಸಮೀಪದ ತಾಂಡಾಕ್ಕೂ ಹೋಗಿ, ಅಲ್ಲಿನ ವೃದ್ಧೆಯರ ಬಳಿ ಕುಳಿತು, ಅವರ ಮಾತನ್ನು ಬರೆದುಕೊಳ್ಳಲಿ. ಅದೂ ಇತಿಹಾಸದ ಆಕರವೇ ಸರಿ.