ಗಡಿಯಾರ ತಪ್ಪಿ ಓದಿದ ಭಾಷಣಕಾರ

ಮಾತನಾಡುತ್ತಿದ್ದ ಭಾಷಣಕಾರ ನಡುವೆ ತಟ್ಟನೆ ಮೌನವಾದರೆ ನೀವೇನು ಮಾಡುವಿರಿ? ರೇಡಿಯೋ ಪೆಟ್ಟಿಗೆಯ ನೆತ್ತಿಗೆ ಒಂದು ಪೆಟ್ಟು ಕೊಡುವಿರಿ, ಅಲ್ಲವೆ? ಜರ್ಮನಿಯ ವಾಲ್ಟರ್ ಬೆನ್ಯಾಮಿನ್ 1934ರಲ್ಲಿ ಬರೆದ ಕಿರುಬರಹವೊಂದರಲ್ಲಿ ಇಂಥದೇ ಪ್ರಸಂಗವಿದೆ. ನಿಮಿಷಕ್ಕೆ ಸರಿಯಾಗಿ ಮುಗಿಸಬೇಕೆಂದು ಎಚ್ಚರಿಕೆ ಪಡೆದ ಭಾಷಣಕಾರನೊಬ್ಬ ಗಡಿಯಾರವನ್ನು ತಪ್ಪಾಗಿ ಓದಿ, ಹಾಳೆಗಳನ್ನು ಹಾರಿಸಿ, ಅವಸರದಲ್ಲಿ ಮುಗಿಸಿಬಿಡುತ್ತಾನೆ. ನೋಡಿದರೆ ಇನ್ನೂ ನಾಲ್ಕು ನಿಮಿಷ ಉಳಿದಿದೆ! ಗಾಬರಿಯ ಮೌನದ ಬಳಿಕ ಬಿಟ್ಟ ಹಾಳೆಯೊಂದನ್ನೆತ್ತಿ ಓದತೊಡಗುತ್ತಾನೆ. ಆಮೇಲೆ ಗೆಳೆಯನೊಬ್ಬ, ಭಾಷಣವೇನೋ ಚೆನ್ನಾಗಿತ್ತು, ತನ್ನ ಪೆಟ್ಟಿಗೆ ಮಾತ್ರ ನಡುವೆ ಕೆಟ್ಟು ಸುಮ್ಮನಾಯಿತು ಎನ್ನುತ್ತಾನೆ.

ಆ ಪ್ರಸಾರದ ಕೋಣೆಯನ್ನು ಬೆನ್ಯಾಮಿನ್ ಚೆನ್ನಾಗಿ ಬಲ್ಲವರು. 1892ರಲ್ಲಿ ಬರ್ಲಿನ್ನಿನ ಅನುಕೂಲಸ್ಥ ಯಹೂದಿ ಮನೆತನದಲ್ಲಿ ಹುಟ್ಟಿ, ತತ್ತ್ವಶಾಸ್ತ್ರ ಓದಿ, ಫ್ರೆಂಚ್ ಕವಿ ಬೋದಿಲೇರನ ಪ್ಯಾರಿಸ್ ಕವನಗಳನ್ನು ಜರ್ಮನ್ನಿಗೆ ತಂದವರು. 1923ರಲ್ಲಿ ಹೊರಬಂದ ಆ ಪುಸ್ತಕದ ಅನುವಾದಕ್ಕಿಂತ ಮುನ್ನುಡಿಯೇ ಇಂದು ಹೆಚ್ಚು ಹೆಸರಾಗಿದೆ. ಅನುವಾದವೆಂದರೆ ಮೂಲ ಬಾರದವರಿಗೆ ಅರ್ಥ ಹೇಳುವ ಕೆಲಸವಲ್ಲ. ಅದು ಕೃತಿಯ ಮರುಬಾಳು. ಪರಭಾಷೆಯ ಸೋಂಕಿನಿಂದ ನಮ್ಮ ಭಾಷೆಯೂ ಹಿಗ್ಗಬೇಕು ಎಂಬುದು ಅವರ ವಾದ. ಪೂರ್ತಿ ಒಪ್ಪುವುದು ಕಷ್ಟ. ಮೂಲ ಬಾರದ ನಮ್ಮಂಥವರು ಮತ್ತೇಕೆ ಅನುವಾದ ಓದುತ್ತೇವೆ? ಆದರೂ ತಳ್ಳಿಹಾಕುವ ಮಾತಲ್ಲ. ಮುಂದೆ ಫ್ರಾಂಟ್ಸ್ ಹೆಸ್ಸೆಲ್‌ರೊಡನೆ ಪ್ರೂಸ್ತನ ಮಹಾಕಾದಂಬರಿಯ ಸಂಪುಟಗಳನ್ನೂ ಅನುವಾದಿಸಿದರು.

1925ರಲ್ಲಿ ಅವರ ಪ್ರಬಂಧ ಫ್ರಾಂಕ್‌ಫರ್ಟ್ ವಿಶ್ವವಿದ್ಯಾನಿಲಯದ ಪಂಡಿತರಿಗೆ ಅರ್ಥವಾಗದೆ, ಅಧ್ಯಾಪಕರಾಗುವ ಆಸೆ ಮುಗಿಯಿತು. ಉಳಿದದ್ದು ಪತ್ರಿಕೆ, ರೇಡಿಯೋ. 1933ರ ವರೆಗೆ ಬರ್ಲಿನ್, ಫ್ರಾಂಕ್‌ಫರ್ಟ್ ನಿಲಯಗಳಿಂದ ಎಂಬತ್ತರಷ್ಟು ಪ್ರಸಾರಗಳಲ್ಲಿ ಪಾಲ್ಗೊಂಡರು, ಅನೇಕವು ಮಕ್ಕಳಿಗಾಗಿ. ಪಂಡಿತರಿಗೆ ಎಟುಕದ ಈತ 1755ರ ಲಿಸ್ಬನ್ ಭೂಕಂಪವನ್ನೂ, ಅದರ ಬಗೆಗೆ ತತ್ತ್ವಜ್ಞಾನಿ ಕಾಂಟ್ ಬರೆದುದನ್ನೂ ಮಕ್ಕಳಿಗೆ ತಿಳಿಯುವಂತೆ ಹೇಳಿದರು! ಅವರೇನೋ ಇದನ್ನು ಹೊಟ್ಟೆಪಾಡಿನ ಕೆಲಸವೆಂದು ಹಗುರಮಾಡಿದರು. ನನಗೆ ಹಾಗೆನಿಸುವುದಿಲ್ಲ.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ; ಮಾರ್ಚಿಯಲ್ಲಿ ಬೆನ್ಯಾಮಿನ್ ದೇಶ ಬಿಟ್ಟು, ಮುಂದೆ ಪ್ಯಾರಿಸಿನಲ್ಲಿ ನೆಲೆಸಿದರು. 1940ರಲ್ಲಿ ಪ್ಯಾರಿಸೂ ಜರ್ಮನ್ ಸೇನೆಯ ಪಾಲಾಯಿತು. ಹೃದ್ರೋಗಿಯಾದರೂ ಪಿರಿನೀಸ್ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಸ್ಪೇನಿನ ಪೋರ್ಟ್‌ಬೋ ಸೇರಿದರು. ಮರಳಿ ಫ್ರಾನ್ಸಿಗೆ ಹೋಗಬೇಕೆಂದು ಅಲ್ಲಿನ ಅಧಿಕಾರಿಗಳು ವಿಧಿಸಿದಾಗ, ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿಯೇ ಪ್ರಾಣ ಕಳೆದುಕೊಂಡರು. ವಯಸ್ಸು 48.

ಪ್ಯಾರಿಸಿನಲ್ಲಿ ಬಿಟ್ಟುಬಂದಿದ್ದ ರೇಡಿಯೋ ಬರಹಗಳನ್ನು ಜರ್ಮನಿಯ ಗುಪ್ತ ಪೋಲೀಸರು ಕೊಂಡೊಯ್ದರು. ಅವು ಹೇಗೋ ಉಳಿದು ಪೂರ್ವ ಜರ್ಮನಿಯ ಪತ್ರಾಗಾರ ಸೇರಿದವು. ಮಕ್ಕಳ ಭಾಷಣಗಳು 1985ರಲ್ಲಿ ಪುಸ್ತಕವಾಗಿ ಬಂದವು. ಅವರ ದನಿಯ ಮುದ್ರಿಕೆ ಮಾತ್ರ ಒಂದೂ ಸಿಕ್ಕಿಲ್ಲ.