ಮೊದಲು ಹೊಳೆಯೋದು ಗಡ್ಡೆ ಅಲ್ಲ: ಪಿಟ್ಯುಟರಿ ಸ್ಕ್ಯಾನ್‌ನ ಕಥೆ

ಕಾಂಟ್ರಾಸ್ಟ್ ಕೊಟ್ಟು ಎಂಆರ್‌ಐ ಮಾಡಿದರೆ ಗಡ್ಡೆ ಬೆಳ್ಳಗೆ ಹೊಳೆಯುತ್ತೆ ಅಂತ ನಾನು ಬಹಳ ದಿನ ನಂಬಿದ್ದೆ. ಮಿದುಳಿನ ಎಷ್ಟೋ ಗಡ್ಡೆಗಳ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಪಿಟ್ಯುಟರಿ ಗ್ರಂಥಿಯಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಮೊದಲು ಹೊಳೆಯೋದು ಆರೋಗ್ಯವಾಗಿರುವ ಗ್ರಂಥಿ. ಸಣ್ಣ ಗಡ್ಡೆ ಹಿಂದೆ ಬೀಳುತ್ತೆ.

ಪಿಟ್ಯುಟರಿ ಅಂದರೆ ಮಿದುಳಿನ ಕೆಳಗೆ, ಮೂಳೆಯ ಒಂದು ಗುಳಿಯಲ್ಲಿ ಕೂತಿರುವ ಬಟಾಣಿ ಕಾಳಿನಷ್ಟು ಗ್ರಂಥಿ. ತೂಕ ಸುಮಾರು ಅರ್ಧ ಗ್ರಾಂ. ಬೆಳವಣಿಗೆ, ಥೈರಾಯ್ಡ್, ಮುಟ್ಟು, ಎದೆಹಾಲು ಎಲ್ಲದಕ್ಕೂ ಇಲ್ಲಿಂದಲೇ ಅಪ್ಪಣೆ ಹೋಗಬೇಕು.

1932ರಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಒಂದು ಕಾಯಿಲೆಯನ್ನು ವಿವರಿಸಿದರು. ದುಂಡಗಾದ ಮುಖ, ದಪ್ಪ ಹೊಟ್ಟೆ, ಏರಿದ ಬಿಪಿ, ಟೊಳ್ಳಾದ ಮೂಳೆ. ಇಂಥ ಕೆಲವರ ಪಿಟ್ಯುಟರಿಯಲ್ಲಿ ಪುಟ್ಟ ಗಡ್ಡೆ ಸಿಕ್ಕಿತ್ತು, ಆದರೆ ಮರಣೋತ್ತರ ಪರೀಕ್ಷೆಯಲ್ಲಿ! ಬದುಕಿರುವಾಗ ಅದನ್ನು ಕಾಣೋ ದಾರಿ ಇರಲಿಲ್ಲ. ಎಕ್ಸ್‌ರೇಯಲ್ಲಿ ಕಾಣೋದು ಮೂಳೆ ಮಾತ್ರ. ಗಡ್ಡೆ ಬೆಳೆದು ಆ ಗುಳಿಯನ್ನೇ ಹಿಗ್ಗಿಸಿದಾಗಷ್ಟೇ ಸುಳಿವು ಸಿಗೋದು.

1960ರ ದಶಕದಲ್ಲಿ ಮಾಂಟ್ರಿಯಲ್‌ನ ಜೂಲ್ಸ್ ಹಾರ್ಡಿ, ಮೂಗಿನ ದಾರಿಯಲ್ಲಿ ಸೂಕ್ಷ್ಮದರ್ಶಕದ ನೆರವಿನಿಂದ ಪುಟ್ಟ ಗಡ್ಡೆಯನ್ನಷ್ಟೇ ತೆಗೆದು ಗ್ರಂಥಿಯನ್ನು ಉಳಿಸಬಹುದು ಅಂತ ತೋರಿಸಿದರು. ಇದು ಸಣ್ಣ ಮಾತಲ್ಲ. ಇಡೀ ಗ್ರಂಥಿ ಹೋದರೆ ರೋಗಿ ಜೀವನಪೂರ್ತಿ ಹಾರ್ಮೋನ್ ಔಷಧದ ಮೇಲೆ ಬದುಕಬೇಕು. ಸರಿ, ಆದರೆ ಗಡ್ಡೆ ಎಡಕ್ಕಿದೆಯೋ ಬಲಕ್ಕಿದೆಯೋ? 1971ರಲ್ಲಿ ಸಿಟಿ ಸ್ಕ್ಯಾನ್ ಬಂತು, ಆಮೇಲೆ ಎಂಆರ್‌ಐ ಬಂತು. ಆದರೂ ಎಷ್ಟೋ ಸಲ ಗ್ರಂಥಿ, ಗಡ್ಡೆ ಎರಡೂ ಒಂದೇ ಬೂದು ಬಣ್ಣ.

ಆಗ ನೆರವಿಗೆ ಬಂದದ್ದು ಗ್ಯಾಡೋಲಿನಿಯಂ ಅನ್ನೋ ಲೋಹ. ಹಾಗೇ ಕೊಟ್ಟರೆ ಅದು ವಿಷ. ಬರ್ಲಿನ್‌ನ ಶೆರಿಂಗ್ ಕಂಪನಿಯ ವಿಜ್ಞಾನಿಗಳು ಅದನ್ನು ಇನ್ನೊಂದು ಅಣುವಿನೊಳಗೆ ಕಟ್ಟಿಹಾಕಿ, ರಕ್ತಕ್ಕೆ ಕೊಡಬಹುದಾದ ಔಷಧ ಮಾಡಿದರು. 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಈ ಲೋಹ ಹತ್ತಿರ ಬಂದರೆ ಅಲ್ಲಿನ ನೀರಿನ ಸಂಕೇತ ಬದಲಾಗಿ, ಚಿತ್ರದಲ್ಲಿ ಆ ಜಾಗ ಬೆಳ್ಳಗಾಗುತ್ತೆ.

ಈಗ ಆ ಉಲ್ಟಾ ಲೆಕ್ಕಕ್ಕೆ ಬರೋಣ. ಮಿದುಳಿನ ರಕ್ತನಾಳಗಳಿಗೆ ಬಿಗಿಯಾದ ಕಾವಲಿದೆ, ಔಷಧ ಸುಲಭವಾಗಿ ಒಳಗೆ ನುಗ್ಗೋದಿಲ್ಲ. ಪಿಟ್ಯುಟರಿಗೆ ಆ ಕಾವಲಿಲ್ಲ. ಇದ್ದಿದ್ದರೆ ಅದರ ಹಾರ್ಮೋನು ರಕ್ತಕ್ಕೆ ಸೇರೋದಾದರೂ ಹೇಗೆ? ಹಾಗಾಗಿ ಗ್ರಂಥಿ ಬೇಗ ಬೆಳ್ಳಗಾಗುತ್ತೆ, ಗಡ್ಡೆ ಸಾಮಾನ್ಯವಾಗಿ ನಿಧಾನ. ಮೊದಲ ಒಂದೆರಡು ನಿಮಿಷ ಅದು ಬೆಳಕಿನ ನಡುವಿನ ಕಪ್ಪು ಚುಕ್ಕೆ. ತಡ ಮಾಡಿದರೆ ಅದೂ ಬೆಳ್ಳಗಾಗಿ ವ್ಯತ್ಯಾಸವೇ ಅಳಿಸಿಹೋಗಬಹುದು. ಅದಕ್ಕೇ ಔಷಧ ಹೋಗುತ್ತಿರುವಾಗಲೇ ಕೆಲವು ಸೆಕೆಂಡಿಗೊಂದರಂತೆ ಚಿತ್ರ ತೆಗೆಯೋ ಪದ್ಧತಿ ಬಂತು. ಇದಕ್ಕೆ ಡೈನಮಿಕ್ ಎಂಆರ್‌ಐ ಅಂತಾರೆ.

ಹಾಗಾದರೆ ಕಪ್ಪು ಚುಕ್ಕೆ ಕಂಡರೆ ಕಾಯಿಲೆ ಅಂತಲೇ ಅರ್ಥವಾ? ಇಲ್ಲ. 1994ರಲ್ಲಿ ಅಮೆರಿಕದಲ್ಲಿ 100 ಜನ ಆರೋಗ್ಯವಂತರಿಗೆ ಗ್ಯಾಡೋಲಿನಿಯಂ ಕೊಟ್ಟು ಸ್ಕ್ಯಾನ್ ಮಾಡಿದ ಅಧ್ಯಯನವೊಂದು ಪ್ರಕಟವಾಯಿತು. ಅವರಲ್ಲಿ 10 ಜನರ ಪಿಟ್ಯುಟರಿಯಲ್ಲಿ ಗಡ್ಡೆಯಂಥ ಗುರುತು! ಇನ್ನೊಂದು ಕಡೆ, ಕುಶಿಂಗ್ ಕಾಯಿಲೆ ಖಚಿತವಾಗಿದ್ದರೂ ಸ್ಕ್ಯಾನ್‌ನಲ್ಲಿ ಏನೂ ಕಾಣದ ರೋಗಿಗಳೂ ಇದ್ದಾರೆ. ಅವರಿಗೆ ಪಿಟ್ಯುಟರಿಯಿಂದ ಹೊರಡುವ ರಕ್ತನಾಳಗಳಿಂದಲೇ ರಕ್ತ ತೆಗೆದು ಹಾರ್ಮೋನ್ ಅಳೆಯಬೇಕಾಗುತ್ತೆ.

ಆದ್ದರಿಂದ ನಿಮ್ಮ ಮನೆಯವರ ರಿಪೋರ್ಟ್‌ನಲ್ಲಿ ಪಿಟ್ಯುಟರಿಯ ಪುಟ್ಟ ಗಡ್ಡೆ ಅಂತ ಬರೆದಿದ್ದರೆ ಮೊದಲೇ ಎದೆ ಒಡೆದುಕೊಳ್ಳಬೇಡಿ, ಉದಾಸೀನವೂ ಬೇಡ. ಹಾರ್ಮೋನ್ ಪರೀಕ್ಷೆ ಏನು ಹೇಳುತ್ತೆ ಅಂತ ಡಾಕ್ಟರನ್ನು ಕೇಳಿ. ಕುಶಿಂಗ್ ಕೂಡ ಗಡ್ಡೆಗಿಂತ ಮೊದಲು ನೋಡಿದ್ದು ರೋಗಿಯ ಮುಖವನ್ನು.